ಗಿರಣಿಯವನ ಮೌನ ಪ್ರಾರ್ಥನೆ

ಸಿಂದಗಿಯಲ್ಲಿ ವರ್ಷಾನುಗಟ್ಟಲೆ ಹಿಟ್ಟಿನ ಗಿರಣಿ ನಡೆಸಿದವನಿಗೆ ಸುಮ್ಮನೆ ಕೂತು ದೇವರ ಮೆಲುದನಿ ಕೇಳಿಸಿಕೋ ಎಂದರೆ ಹೇಗಿರುತ್ತದೆ? ನನಗಂತೂ ಸಿಟ್ಟು ಬಂದಿತ್ತು. ಊರಿನಲ್ಲಿ ನಮ್ಮ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ತೊಂಬತ್ತರ ದಶಕದ ಕೊನೆಯ ಮಾತು. ಭಾನುವಾರ ಬಿಜಾಪುರದಿಂದ ಬಸ್ಸಿಗೆ ಬರುತ್ತಿದ್ದ ಪಾಸ್ಟರು, ದಿನಾ ಸಂಜೆ ಅರ್ಧ ತಾಸು ಮೌನವಾಗಿ ಕೂರುವ ಅಭ್ಯಾಸವನ್ನು ಎಲ್ಲ ಮನೆಗಳಿಗೂ ಹಚ್ಚಿದರು. ಬೇಡಿಕೆ ಇಲ್ಲ, ಹಾಡಿಲ್ಲ, ಬರೀ ದೇವರೆದುರು ಕೂರುವುದು.

"ನಾ ಸುಮ್ಮ ಕುಂತ್ರೂ ಕಿವ್ಯಾಗ ಗಿರಣಿ ತಿರಗತೈತ್ರಿ," ಎಂದೆ.

"ತಿರಗಲಿ ಬಿಡ್ರಿ. ನೀವು ಕುಂದರ್ರಿ," ಎಂದರು ಪಾಸ್ಟರು.

ಸುಳ್ಳಲ್ಲ. ಗಿರಣಿ ಬಂದ್ ಮಾಡಿ ಮನೆಗೆ ಬಂದರೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲುತ್ತಿರಲಿಲ್ಲ. ಸುತ್ತ ಸದ್ದಡಗಿದಷ್ಟೂ ಅದರ ಆರ್ಭಟ ಹೆಚ್ಚು. ಮೆತ್ತಗೆ ಆಡಿದ ಮಾತು ಅದರಲ್ಲಿ ಮುಳುಗಿಹೋಗುತ್ತಿತ್ತು. ಗಿರಣಿಯಲ್ಲಿ ಇದಕ್ಕೊಂದು ಉಪಾಯವಿತ್ತು: ಜೋಳದ ಡಬ್ಬಿ ಇಟ್ಟು ಹೆಣ್ಣುಮಕ್ಕಳು ಏನೇ ಹೇಳಲಿ, ಗೋಣು ಆಡಿಸಿಬಿಡುವುದು. ಸಣ್ಣಗೆ ಬೀಸು ಅಂದಿದ್ದರೂ, ನನ್ನನ್ನೇ ಬೈದಿದ್ದರೂ ಅದೇ ಗೋಣು.

"ನಿಮ್ಮ ಗಿರಣಿ ನಮಗ ಬರ್ಕೊಡ್ರಿ ಅಂದ್ರೂ ಹೂಂ ಅಂತೀರಿ ನೀವು," ಎಂದು ಹೆಂಡತಿ ನಗುತ್ತಿದ್ದಳು.

ಮೌನಕ್ಕೆ ಮನಸೋತವಳು ಅವಳು. ಹೂವಿನ ಹಿಪ್ಪರಗಿಯ ತವರಿನಲ್ಲಿ ತುಂಬಿದ ಮನೆಯ ಗದ್ದಲದಲ್ಲಿ ಬೆಳೆದವಳು. ಕೌದಿ ಹಾಸಿ ಕೂತರೆ ಅವಳ ಮುಖದ ದಣಿವೆಲ್ಲ ಇಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಕಿವಿಯೊಳಗಿನ ಗಿರಣಿಯನ್ನು ಕೇಳುತ್ತಿದ್ದೆ.

ಆಮೇಲೆ ಅವಳ ಗಂಟಲಲ್ಲಿ ಹುಣ್ಣಾಯಿತು. ಸೊಲ್ಲಾಪುರದ ಡಾಕ್ಟರು ಕ್ಯಾನ್ಸರ್ ಎಂದರು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು, ಮುಂದೆ ಮಾತು ಬರುವುದಿಲ್ಲ ಎಂದರು. ಅಷ್ಟೊತ್ತಿಗೆ ಅವಳ ದನಿ ಪಿಸುಮಾತಿನಷ್ಟಕ್ಕೆ ಇಳಿದಿತ್ತು.

ಆಪರೇಷನ್ನಿಗೆ ಹೊರಡುವ ಹಿಂದಿನ ಸಂಜೆಯೂ ಎಂದಿನಂತೆ ಕೂತೆವು. ನಡುವೆ ಅವಳು ಕಣ್ಣು ತೆರೆದು, ನನ್ನ ಕಡೆ ತಿರುಗಿ ಏನೋ ಹೇಳಿದಳು. ಒಂದೆರಡು ಶಬ್ದವಲ್ಲ, ತುಟಿಗಳು ಬಹಳ ಹೊತ್ತು ಆಡಿದವು. ನನಗೆ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಗೋಣು ಆಡಿಬಿಟ್ಟಿತ್ತು. ಅವಳು ಕಣ್ಣೊರೆಸಿಕೊಂಡು, ನನ್ನ ಕೈ ಗಟ್ಟಿಯಾಗಿ ಹಿಡಿದು, ಮತ್ತೆ ಕಣ್ಣು ಮುಚ್ಚಿದಳು. ಮುಖ ಎಷ್ಟು ಹಗುರಾಗಿತ್ತೆಂದರೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದರಾಯಿತು ಎಂದುಕೊಂಡೆ. ಆ ಬಸ್ಸಿನ ಸದ್ದಿನಲ್ಲಿ ನನಗೆ ಏನು ಕೇಳಿಸೀತು?

ಆಪರೇಷನ್ ಆಯಿತು. ದನಿ ಹೋಯಿತು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಕಂಗಾಲಾಗಿ ಕೂತಾಗೆಲ್ಲ ನನ್ನ ಗದ್ದ ಹಿಡಿದು ಮೇಲೆ ಕೆಳಗೆ ಆಡಿಸುತ್ತಿದ್ದಳು, ಅವತ್ತು ಒಪ್ಪಿಕೊಂಡಿದ್ದೀರಲ್ಲ ಎಂಬಂತೆ. ನಾನು ಮತ್ತೆ ಗೋಣು ಆಡಿಸುತ್ತಿದ್ದೆ. ಕೇಳಿಸಿರಲಿಲ್ಲ ಎಂದು ಹೇಳಿ ಆ ಒಂದು ನೆಮ್ಮದಿಯನ್ನೂ ಹೇಗೆ ಕಸಿದುಕೊಳ್ಳಲಿ? ಮುಂದಿನ ಮಳೆಗಾಲದೊಳಗೆ ಅವಳು ತೀರಿಕೊಂಡಳು.

ಈಗಲೂ ಸಂಜೆ ಅದೇ ಕೌದಿ ಹಾಸಿ ಕೂರುತ್ತೇನೆ.

"ಈಗ ನೋಡ್ರಿ, ನಿಮಗ ಮೌನ ಕೈಹಿಡೀತು," ಎಂದು ಪಾಸ್ಟರು ಒಮ್ಮೆ ಹೊಗಳಿದರು.

ನಾನು ದೇವರ ಮಾತಿಗೆ ಕಾಯುತ್ತಿದ್ದೇನೆಂದು ಅವರ ತಿಳಿವಳಿಕೆ. ನನಗೆ ಬೇಕಾದದ್ದು ಅವಳ ಮಾತು. ಯಾವುದಕ್ಕೆ ಒಪ್ಪಿಕೊಂಡೆನೆಂದೇ ಗೊತ್ತಿಲ್ಲದೆ ಅದನ್ನು ನಡೆಸಿಕೊಡುವುದಾದರೂ ಹೇಗೆ? ಆ ಸಂಜೆ ಅವಳು ಹೇಳಿದ್ದನ್ನು ಕೇಳಿಸಿಕೊಂಡವನು ದೇವರೊಬ್ಬನೇ. ಅವನೂ ಬಾಯಿ ಬಿಡುತ್ತಿಲ್ಲ.