ಕಮಲಾಪುರದಲ್ಲಿ ತಮ್ಮನ ಬಲಗೈ

ಭಾನುವಾರ ಬೆಳಗ್ಗೆ ಎಂಟಕ್ಕೆ ಕಲಬುರಗಿಯ ಐವಾನ್-ಎ-ಶಾಹಿ ಹತ್ತಿರದ ನಮ್ಮ ಬಾಡಿಗೆ ಮನೆಯಿಂದ ಹೊರಟಾಗ ನನ್ನ ಕೈಚೀಲದಲ್ಲಿ ಎಂಟು ಜೋಳದ ರೊಟ್ಟಿ, ಒಂದು ಡಬ್ಬಿ ಪುಂಡಿ ಪಲ್ಯ, ಶೇಂಗಾ ಹಿಂಡಿ, ಎರಡು ಮರದ ಪಟ್ಟಿ, ನಾಲ್ಕು ಸುರುಳಿ ಬ್ಯಾಂಡೇಜು, ಕೊರಳಿಗೆ ಕಟ್ಟಿ ಕೈ ತೂಗುಬಿಡುವ ಒಂದು ಬಟ್ಟೆ ಇದ್ದವು. ಊರು ನೋಡಲು ಹೋಗುವವರು ಮರದ ಪಟ್ಟಿ ಒಯ್ಯುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನಾನು ಹೊರಟಿದ್ದು ತಮ್ಮ ರೇವಣ್ಣನ ಜೊತೆ. ಅವನು ಹೊರಟಿದ್ದು ಕಮಲಾಪುರಕ್ಕೆ, ಪಂಜಾ ಹಿಡಿಯಲು. ಎರಡು ವರ್ಷದ ಹಿಂದೆ ಅದೇ ಊರಿನಲ್ಲಿ, ಅದೇ ಆಟದಲ್ಲಿ ಅವನ ಬಲತೋಳಿನ ಎಲುಬು ಎರಡು ತುಂಡಾಗಿತ್ತು.

ಪಂಜಾ ಎಂದರೆ ಮೇಜಿನ ಮೇಲೆ ಮೊಣಕೈ ಊರಿ, ಎದುರಿನವನ ಅಂಗೈ ಹಿಡಿದು, ಆ ಕೈಯನ್ನು ಮೇಜಿಗೆ ಮಲಗಿಸುವುದು. ಹೇಳಲು ಇಷ್ಟೇ. ನಾನು ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ನರ್ಸು. ಪಂಜಾದಲ್ಲಿ ಮುರಿದ ತೋಳು ಅಲ್ಲಿ ಮೂರು ನೋಡಿದ್ದೇನೆ. ಮುರಿಯುವ ಬಗೆ ಒಂದೇ. ಸೋಲುತ್ತಿರುವವನು ಮೈಭಾರ ಹಾಕಲೆಂದು ಎದೆಯನ್ನೂ ಮುಖವನ್ನೂ ಆಚೆ ತಿರುಗಿಸುತ್ತಾನೆ. ಮೈ ಆಚೆ ಹೋಗುತ್ತದೆ, ಕೈ ಹಿಂದೆಯೇ ಉಳಿಯುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಎಲುಬು ತಿರುಚಿಕೊಂಡು ಲಟ್ ಎನ್ನುತ್ತದೆ. ತನ್ನ ಕೈ ತನ್ನ ಕಣ್ಣೆದುರು ಇರುವಷ್ಟು ಹೊತ್ತು ಆ ಭಯವಿಲ್ಲ. ರೇವಣ್ಣ ಮಾತ್ರ ತನ್ನದು ಹಾಗಲ್ಲ ಎಂದಿದ್ದ. "ಆ ಅಂಬಾರಾಯ ಬೇಕಂತ್ಲೇ ತಿರುವಿ ಮುರದಾನ ಅಕ್ಕಾ" ಎಂದು ಹಾಸಿಗೆಯಲ್ಲಿ ಅತ್ತಿದ್ದ. ವಾರ್ಡಿನಲ್ಲಿ ಕಲಿತಿದ್ದನ್ನೆಲ್ಲ ಪಕ್ಕಕ್ಕಿಟ್ಟು ನಾನು ತಮ್ಮನ ಮಾತು ನಂಬಿದೆ.

ರೇವಣ್ಣ ದರ್ಜಿ. ಕತ್ತರಿ ಹಿಡಿಯುವ ಕೈಯೇ ಪಂಜಾ ಹಿಡಿಯುವ ಕೈ. ಎಲುಬಿಗೆ ಉಕ್ಕಿನ ಪಟ್ಟಿ ಹಾಕಿ ಜೋಡಿಸಿದ ಡಾಕ್ಟರು, "ಹೊಲಿಗೆಗೆ ತೊಂದರೆ ಇಲ್ಲ, ಇನ್ನು ಈ ಹುಚ್ಚಾಟ ಬೇಡ" ಎಂದಿದ್ದರು. ಅವನು ಹೂಂ ಎಂದು ತಲೆ ಆಡಿಸಿ ಬಂದು, ಆರು ತಿಂಗಳಿಗೆ ನನ್ನ ಅಡುಗೆಮನೆಯ ಮೇಜಿನ ಮೇಲೆಯೇ ಅಭ್ಯಾಸ ಶುರು ಮಾಡಿದ. ಬೈದೆ, ಅತ್ತೆ, ಎರಡು ದಿನ ಅಡುಗೆ ಮಾಡಲಿಲ್ಲ. ಅವನು ಹೋಟೆಲಿನಿಂದ ತಹರಿ ಅನ್ನ ಕಟ್ಟಿಸಿಕೊಂಡು ಬಂದು ನನಗೂ ಬಡಿಸಿದ. ಹೋಗುವವನನ್ನು ತಡೆಯಲಾಗದಿದ್ದರೆ ಜೊತೆಗಾದರೂ ಹೋಗಬೇಕು ಎಂದು ರಜೆ ಹಾಕಿದೆ. ಆ ಅಂಬಾರಾಯನಿಗೆ ನಾಲ್ಕು ಜನರೆದುರು ಉಗಿಯುವ ಆಸೆಯೂ ಇತ್ತು, ಮುಚ್ಚಿಡುವುದೇಕೆ.

ಹುಮನಾಬಾದ್ ಬಸ್ಸಿನಲ್ಲಿ ಇಬ್ಬರಿಗೂ ಸೇರಿ ಹದಿನೆಂಟು ರೂಪಾಯಿ. ಮೂವತ್ತೆಂಟು ಕಿಲೋಮೀಟರಿನ ದಾರಿ. ಹೋಳಿ ಮುಗಿದು ವಾರವಾಗಿತ್ತು, ಒಂಬತ್ತು ಗಂಟೆಗೇ ಕಿಟಕಿಯ ಸರಳು ಕೈ ಸುಡುತ್ತಿತ್ತು. ಊರು ದಾಟುವ ಮೊದಲು ತಾಜಸುಲ್ತಾನಪುರದ ಹಣಮಂತ ಎಂಬ ರೈತರು ಹತ್ತಿದರು. ಅವರೂ ಪಂಜಾದವರೇ, ರೇವಣ್ಣನನ್ನು ಕಂಡು ಪಕ್ಕದ ಸೀಟಿಗೇ ಬಂದು ಕೂತರು.

"ಕೈ ಬರೋಬ್ಬರಿ ಅದನೋ ಇಲ್ಲೋ?" ಎಂದರು.

"ಅದ್ರಿ ಕಾಕಾ" ಎಂದ ರೇವಣ್ಣ. ಎಡಗೈಯಿಂದ ಬಲತೋಳನ್ನು ಸವರುತ್ತಿದ್ದುದನ್ನು ನಾನು ನೋಡಿದೆ.

ಹಣಮಂತರ ಬಾಯಿಗೆ ಬಿಡುವಿರಲಿಲ್ಲ. ಈ ಭಾಗದ ದೊಡ್ಡ ಕೈಗಳ ಕಥೆಯೆಲ್ಲ ಅವರಿಂದಲೇ ಕೇಳಿದೆ. ಸ್ವತಃ ಅವರದು ಝಟಕಾ. ಸೀಟಿ ಊದಿದ ಕ್ಷಣದಲ್ಲೇ ಮುಗಿಸಬೇಕು, ಎರಡನೇ ಉಸಿರಿಗೆ ಹೋದರೆ ಅವರು ಸೋತ ಹಾಗೆಯೇ. ಕುಸನೂರಿನಲ್ಲಿ ಒಬ್ಬ ಮುದುಕರಿದ್ದರಂತೆ, ಅವರದು ಸುಮ್ಮನೆ ನಿಲ್ಲುವ ಪಂಜಾ. ದೂಡುವುದಿಲ್ಲ, ಎಳೆಯುವುದಿಲ್ಲ. ಎದುರಿನವನು ಬೆವರಿ, ನಡುಗಿ, ತಾನಾಗಿ ಸಡಿಲವಾದ ಮೇಲೆ ಮೆಲ್ಲಗೆ ಮಲಗಿಸುವುದು. ಅವರನ್ನು ಜನ ಗೋಡೆ ಎಂದು ಕರೆಯುತ್ತಿದ್ದರು. ನಮ್ಮ ರೇವಣ್ಣನದು ಹೊರಳು. ಎದುರಿನವನ ಬೆರಳುಗಳ ಮೇಲೇರಿ, ಅವನ್ನು ತನ್ನ ಕಡೆ ಎಳೆದು, ಮಣಿಕಟ್ಟು ಹಿಂದಕ್ಕೆ ಬಿಚ್ಚುವಂತೆ ಮಾಡುವುದು. ಮಣಿಕಟ್ಟು ಬಿಚ್ಚಿದ ಕೈಯಲ್ಲಿ ಎಷ್ಟು ಬಲವಿದ್ದರೂ ಪ್ರಯೋಜನವಿಲ್ಲ. ದಪ್ಪ ಕೋಟಿನ ಬಟ್ಟೆ ಕತ್ತರಿಸಿ ಗಟ್ಟಿಯಾದ ಬೆರಳಿಗೆ ಹೇಳಿ ಮಾಡಿಸಿದ ವರಸೆ.

"ಅಂಬಾರಾಯಂದು?" ಎಂದು ನಾನೇ ಕೇಳಿದೆ.

"ಅಂವಂದು ಕೊಕ್ಕೆ ನೋಡ್ರಿ. ಮೂವತ್ತು ವರ್ಷ ಎಮ್ಮಿ ಹಿಂಡ್ಯಾನ. ಮಣಿಕಟ್ಟು ಒಳಗ ಮಡಚಿ ನಿಮ್ಮ ಕೈ ತನ್ನ ಎದಿ ಹತ್ರ ಎಳಕೋತಾನ. ಒಮ್ಮಿ ಕೊಕ್ಕೆ ಬಿತ್ತಂದ್ರ ಮುಗೀತು."

"ಮುರೀತಾನ ಅಂತಲೂ ಕೇಳೀನಿ."

ಹಣಮಂತರು ರೇವಣ್ಣನ ಮುಖ ನೋಡಿದರು. ರೇವಣ್ಣ ಕಿಟಕಿಯಾಚೆ ನೋಡಿದ. ಹಣಮಂತರು ಮಾತು ಬದಲಿಸಿ ಇನ್ನೊಬ್ಬನ ಕಥೆ ತೆಗೆದರು. ಅವನ ವರಸೆ ಕೈಯಲ್ಲಿರಲಿಲ್ಲ, ಬಾಯಲ್ಲಿತ್ತು. ಆಟದ ನಡುವೆ, "ನಿನ್ನ ಚಪ್ಪಲಿ ಯಾರೋ ಒಯ್ಲಾಕತ್ತಾರ ನೋಡು" ಎನ್ನುತ್ತಿದ್ದನಂತೆ. ಎದುರಿನವನು ಒಂದು ಕ್ಷಣ ಆಚೆ ನೋಡಿದರೆ ಸಾಕು, ಕೈ ಮೇಜಿನ ಮೇಲೆ. ಅವನ ಕಾಟಕ್ಕೇ ಈಗ ಕಮಲಾಪುರದಲ್ಲಿ ಒಂದು ನಿಯಮ ಬಂದಿದೆ. ಆಟದಲ್ಲಿ ಬಾಯಿ ಬಿಟ್ಟರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲಕ್ಕೆ ಸೋಲು. ಬಸ್ಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ರೇವಣ್ಣ ನಗಲಿಲ್ಲ.

ಕುರಿಕೋಟಾ ಸೇತುವೆ ದಾಟಿ ಮುಂದೆ ಹೋದಂತೆ ನಮ್ಮ ಕಪ್ಪು ಮಣ್ಣು ಮುಗಿದು ಕೆಂಪು ಮಣ್ಣು ಕಾಣಿಸಿತು. ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಮಣ್ಣಿನಲ್ಲಿಯೇ. ರಸ್ತೆಬದಿಯ ಗಾಡಿಗಳಲ್ಲಿ ಅದೇ ಹಣ್ಣು ರಾಶಿ ಬಿದ್ದಿತ್ತು. ಆ ಹಣ್ಣು ಕಂಡರೆ ನನಗೆ ಎರಡು ವರ್ಷದಿಂದ ಮೈ ಉರಿಯುತ್ತದೆ. ಕೈ ಮುರಿದ ನಾಲ್ಕನೇ ದಿನ ಅಂಬಾರಾಯ ಒಂದು ಡಜನ್ ಕೆಂಪು ಹಣ್ಣು ಹಿಡಿದು ವಾರ್ಡಿನ ಬಾಗಿಲಿಗೆ ಬಂದಿದ್ದ. "ಹುಡುಗನ ಕೈ ಹೆಂಗದ್ರಿ?" ಎಂದ. "ರೋಗಿಗಳನ್ನ ನೋಡೂ ವ್ಯಾಳೆ ಮುಗದದ, ನಡೀರಿ" ಎಂದೆ. ಮುಗಿದಿರಲಿಲ್ಲ, ಇನ್ನೂ ಅರ್ಧ ತಾಸಿತ್ತು. ಅವನು ತಲೆ ಆಡಿಸಿ ಹಣ್ಣಿನ ಸಮೇತ ಹೋದ. ಒಳಗೆ ಹಾಸಿಗೆಯಲ್ಲಿದ್ದ ರೇವಣ್ಣ ಅವನ ದನಿ ಕೇಳಿ ಗೋಡೆ ಕಡೆ ಹೊರಳಿ ಮಲಗಿದ್ದ. ಪಾಪ, ಹೆದರಿದ್ದಾನೆ ಎಂದುಕೊಂಡಿದ್ದೆ.

ಆಟ ನಡೆಯುವುದು ಬಾಳೆಕಾಯಿ ದಾಸ್ತಾನು ಮಾಡುವ ಒಂದು ವಖಾರಿಯಲ್ಲಿ. ತಗಡಿನ ಮಾಡು, ಒಳಗೆ ಒಣಗಿದ ಬಾಳೆಎಲೆಯ ವಾಸನೆ, ನಡುವೆ ಒಂದು ಮರದ ಮೇಜು, ಮೊಣಕೈ ಜಾರದಂತೆ ಅದರ ಮೇಲೆ ಗೋಣಿತಟ್ಟಿನ ತುಂಡು. ನೂರರ ಮೇಲೆ ಜನ ಸೇರಿದ್ದರು, ಹೆಂಗಸು ನಾನೊಬ್ಬಳೇ. ಯಾರೋ ಸ್ಟೂಲು ತಂದುಕೊಟ್ಟರು. ನಾನು ಕೂರಲಿಲ್ಲ. ಪಂಚರು ಒಬ್ಬ ನಿವೃತ್ತ ಡ್ರಿಲ್ ಮಾಸ್ತರು, ಕೊರಳಲ್ಲಿ ಸೀಟಿ. ಹಣಮಂತರ ಆಟ ಮೊದಲೇ ಇತ್ತು. ಝಟಕಾ ತಪ್ಪಿತು, ಎರಡನೇ ಉಸಿರಿಗೆ ಹೋದರು, ತಾವೇ ಹೇಳಿದಂತೆ ಸೋತರು.

ಅಂಬಾರಾಯ ಬಂದಾಗ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಸಣ್ಣಗೆ ಕಂಡ. ಐವತ್ತು ದಾಟಿದ ವಯಸ್ಸು, ಬಿಳಿ ಅಂಗಿ, ನೆರೆತ ಮೀಸೆ. ಕೈ ಮಾತ್ರ ದೊಡ್ಡದು. ನನ್ನನ್ನು ಗುರುತು ಹಿಡಿದು, "ಬಂದೀರೇನ್ರಿ ಸಿಸ್ಟರ್ ಬಾಯಿ" ಎಂದ. ನಾನು ಕೈಚೀಲದ ಬಾಯಿ ತೆರೆದು ಮರದ ಪಟ್ಟಿ ಮೇಲಕ್ಕೆ ತೆಗೆದಿಟ್ಟೆ. ಅವನು ನೋಡಲಿ ಎಂದೇ ಇಟ್ಟೆ.

ಮೂರರಲ್ಲಿ ಎರಡು ಗೆಲ್ಲಬೇಕು. ಮೊದಲನೆಯದು ರೇವಣ್ಣ ಗೆದ್ದ. ಬೆರಳ ಮೇಲೆ ಬೆರಳೇರಿಸಿ ಹೊರಳಿಸಿದ ರೀತಿಗೆ ಜನ ಸಿಳ್ಳೆ ಹಾಕಿದರು. ಎರಡನೆಯದರಲ್ಲಿ ಕೊಕ್ಕೆ ಬಿತ್ತು. ಅಂಬಾರಾಯ ಅವಸರವಿಲ್ಲದೆ ಎಳೆದು ಮಲಗಿಸಿದ. ಮೂರನೆಯದರಲ್ಲಿ ಬೆವರಿಗೆ ಹಿಡಿತ ಎರಡು ಸಲ ಜಾರಿತು. ಮಾಸ್ತರು ಇಬ್ಬರ ಕೈಯನ್ನೂ ಸೇರಿಸಿ ಬಟ್ಟೆಯ ಪಟ್ಟಿಯಿಂದ ಬಿಗಿದರು. ಇನ್ನು ಜಾರಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮಾಸ್ತರು ಸೀಟಿ ಊದಿದರು. ಒಂದು ನಿಮಿಷ ಕೈಗಳು ನಡುವೆಯೇ ನಡುಗುತ್ತ ನಿಂತವು. ಆಮೇಲೆ ಅಂಬಾರಾಯನ ಮಣಿಕಟ್ಟು ಮಡಚಿತು. ರೇವಣ್ಣನ ಕೈ ಹಿಂದಕ್ಕೆ ವಾಲತೊಡಗಿತು. ವಾಲಿ ಅರ್ಧಕ್ಕೆ ಬಂತು. ಅವನು ಹಲ್ಲು ಕಚ್ಚಿ ಎಡಭುಜ ತಿರುಗಿಸಿದ. ಎದೆ ತಿರುಗಿತು. ಮುಖ ತಿರುಗಿತು. ಕೈ ಹಿಂದೆ ಉಳಿಯಿತು. ವಾರ್ಡಿನ ಆ ಮೂರು ತೋಳಿಗೆ ಆಗಿದ್ದು ನನ್ನ ಕಣ್ಣೆದುರು ಶುರುವಾಗಿತ್ತು, ನನಗೆ ದನಿಯೇ ಹೊರಡಲಿಲ್ಲ.

"ಏ ತಮ್ಮಾ, ಕೈ ನೋಡು" ಎಂದ ಅಂಬಾರಾಯ.

ಮಾಸ್ತರು ಬೆರಳೆತ್ತಿದರು. "ಅಂಬಾರಾಯ, ಮಾತು ಬಂದ್. ಇನ್ನೊಮ್ಮಿ ಬಾಯಿ ಬಿಟ್ರ ಸೋತಿ."

ಜನರಲ್ಲಿ ಯಾರೋ, "ಚಪ್ಪಲಿನೂ ನೋಡಂತ ಹೇಳು" ಎಂದು ಕೂಗಿದರು. ಎಲ್ಲರೂ ನಕ್ಕರು. ರೇವಣ್ಣ ಇನ್ನಷ್ಟು ತಿರುಗಿದ. ಅವನ ತೋಳಿನ ಹಳೆಯ ಹೊಲಿಗೆಯ ಗುರುತು ಬಿಳಿಚಿಕೊಂಡಿತು. ಇನ್ನು ನಾಲ್ಕು ಬೆರಳಷ್ಟು ಒತ್ತಿದರೆ ಅಂಬಾರಾಯ ಗೆದ್ದ. ಅವನು ಒತ್ತಲಿಲ್ಲ. ಮೊದಲಿಗಿಂತ ಜೋರಾಗಿ, "ಮಾರಿ ಈ ಕಡಿ ತಿರುವೋ ಹುಚ್ಚಾ! ಮುರೀತದ!" ಎಂದ.

ಅದು ನಾನು ಹೇಳಬೇಕಾಗಿದ್ದ ಮಾತು. ಆಗ ನನ್ನ ಗಂಟಲು ಬಿಚ್ಚಿತು. "ರೇವ್ಯಾ, ಅವರು ಹೇಳಿದಂಗ ಕೇಳೋ! ಕೈ ನೋಡು!" ಎಂದು ಚೀರಿದೆ. ನನ್ನ ದನಿಗೆ ಅವನು ಮುಖವನ್ನು ಕೈ ಕಡೆ ತಿರುಗಿಸಿದ. ಮಾಸ್ತರು ಸೀಟಿ ಊದಿದರು. ಪಟ್ಟಿ ಬಿಚ್ಚಿದರು. ನಾನು ಓಡಿ ಹೋಗಿ ತೋಳು ಒತ್ತಿ ನೋಡಿದೆ, ಭುಜದಿಂದ ಮೊಣಕೈತನಕ ಎರಡು ಸಲ. ಎಲುಬು ಇಡಿಯಾಗಿತ್ತು. ನಾಚಿಕೆಯಿಲ್ಲದೆ ಅಲ್ಲೇ ಅತ್ತುಬಿಟ್ಟೆ.

ನಿಯಮದಂತೆ ಗೆದ್ದವನು ರೇವಣ್ಣ. ತಲೆಗೆ ಗುಲಾಬಿ ಬಣ್ಣದ ಪಟಕಾ ಸುತ್ತಿ, ತೆಂಗಿನಕಾಯಿ ಕೊಟ್ಟರು. ಅವನು ತಲೆ ತಗ್ಗಿಸಿಯೇ ನಿಂತಿದ್ದ. ರೊಟ್ಟಿ ಕಟ್ಟಿಕೊಂಡು ಬಂದಿದ್ದನ್ನು ಇಬ್ಬರೂ ಮರೆತೆವು.

ನಾಲ್ಕು ಗಂಟೆಗೆ ಬಸ್ಸಿಗೆ ನಿಂತಿದ್ದಾಗ ಅಂಬಾರಾಯ ಬಂದ. ಕೈಯಲ್ಲಿ ಒಂದು ಡಜನ್ ಕೆಂಪು ಹಣ್ಣು. "ಒಯ್ರಿ, ಮನೀ ಗಿಡದ್ದು" ಎಂದ. ಇವತ್ತು ಉಳಿಸಿದ್ದು ನಿಜ, ಆದರೆ ಎರಡು ವರ್ಷದ ಸಿಟ್ಟು ಒಂದು ಮಧ್ಯಾಹ್ನಕ್ಕೆ ಇಳಿಯುವುದಿಲ್ಲ. "ಒಮ್ಮಿ ಮುರದವರು ಇನ್ನೊಮ್ಮಿ ಉಳಿಸಿದ್ರ ಹೋದ ಕೈ ವಾಪಸ್ ಬರ್ತದೇನ್ರಿ? ನಿಮ್ಮ ಹಣ್ಣು ನಮಗ ಬ್ಯಾಡ" ಎಂದೆ. ಸುತ್ತಲಿನವರು ತಿರುಗಿ ನೋಡಿದರು. ಅವನು ರೇವಣ್ಣನ ಕಡೆ ಒಮ್ಮೆ ನೋಡಿದ. ರೇವಣ್ಣ ಬಸ್ಸಿನ ಬೋರ್ಡು ಓದುತ್ತಿದ್ದ. "ಆತ್ರಿ" ಎಂದಷ್ಟೇ ಹೇಳಿ ಅಂಬಾರಾಯ ಹೊರಟುಹೋದ. ಉಗಿಯಲೆಂದು ಬಂದವಳು ಉಗಿದಾಗಿತ್ತು. ಆದರೂ ಬಸ್ಸು ಹತ್ತಿ ಕೂತಾಗ ಬಾಯೆಲ್ಲ ಕಹಿಯಾಗಿತ್ತು.

ಕುರಿಕೋಟಾ ಸೇತುವೆಯ ಮೇಲೆ ಬಂದಾಗ ರೇವಣ್ಣ ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಅಕ್ಕಾ, ಆವತ್ತೂ ಅಂದಿದ್ರು."

"ಏನು?"

"ಕೈ ನೋಡು ಅಂತ. ಮೆಲ್ಲಕ ಅಂದ್ರು, ಗದ್ದಲದಾಗ ಬ್ಯಾರೆ ಯಾರಿಗೂ ಕೇಳಿಸಲಿಲ್ಲ. ನಾ ಅದು ಆಟ ಕೆಡಸೂ ಮಾತು ಅಂತ ತಿಳದು ಇನ್ನಷ್ಟು ತಿರುಗಿದೆ. ಅವರು ತಿರುವಿಲ್ಲ. ನಾನೇ ಮುರಕೊಂಡೆ."

"ಮತ್ತ ನನಗ್ಯಾಕ ಸುಳ್ಳು ಹೇಳಿದಿ?"

"ಹೇಳಿದ್ರ ನೀ ಬೈತಿದ್ದಿ. ಆಮ್ಯಾಗ ನೀನೇ ಅವರ ಹೆಸರು ಹಿಡದು ಬೈಲಾಕತ್ತಿ, ನನಗ ಬಿಡಸಲಾಕ ಆಗಲಿಲ್ಲ."

ಆವತ್ತು ವಾರ್ಡಿನಲ್ಲಿ ಅವನು ಗೋಡೆ ಕಡೆ ಹೊರಳಿ ಮಲಗಿದ್ದು ಹೆದರಿಕೆಗಲ್ಲ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ನನಗೆ ನಾನೇ ಬಾರಿಸಿಕೊಳ್ಳಬೇಕು ಎಂದೂ ಅನಿಸಿತು. ಮೂರು ತೋಳು ನೋಡಿದವಳು, ನಾಲ್ಕನೆಯದು ನಮ್ಮ ಮನೆಯದು ಎಂಬ ಕಾರಣಕ್ಕೆ ಕಣ್ಣು ಮುಚ್ಚಿಕೊಂಡಿದ್ದೆ.

ಮಹಾಗಾಂವ ಕ್ರಾಸಿನಲ್ಲಿ ಇಳಿದೆವು. "ಕಲಬುರಗಿ ಟಿಕೆಟ್ ತಗೊಂಡೀರಲ್ರಿ" ಎಂದು ಕಂಡಕ್ಟರು ಗೊಣಗಿದರು. ರಸ್ತೆ ದಾಟಿ ಅರ್ಧ ತಾಸು ಬಿಸಿಲಿಗೆ ನಿಂತು, ಕಮಲಾಪುರದ ಕಡೆ ಹೊರಟಿದ್ದ ಟೆಂಪೋ ಹತ್ತಿದೆವು.

ಅಂಬಾರಾಯರ ಕೊಟ್ಟಿಗೆ ಕೇಳಿಕೊಂಡು ಹೋದಾಗ ಅವರು ಎಮ್ಮೆ ಹಿಂಡುತ್ತಿದ್ದರು. ನಮ್ಮನ್ನು ಕಂಡು ಏಳಲು ಹೋದರು. ನಾನು ಬೇಡವೆಂದೆ. ರೇವಣ್ಣ ಪಟಕಾವನ್ನು ಅವರ ಪಕ್ಕದ ಕಟ್ಟೆಯ ಮೇಲಿಟ್ಟು, ಬಗ್ಗಿ ಕಾಲು ಮುಟ್ಟಿದ. "ಹೇಳಿದೆನ್ರಿ ಅಕ್ಕಗ" ಎಂದ. ಅವರು ಹೂಂ ಎಂದು ಕೈ ನಿಲ್ಲಿಸದೆ ಹಾಲು ಕರೆದರು. ಇಷ್ಟು ದಿನ ಅವರೇ ಏಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ಎಲುಬು ಮುರದ ಹುಡುಗನ ಮಾತೂ ಮುರೀಬೇಕೇನ್ರಿ?" ಎಂದರು.

ನನ್ನದೂ ಒಂದು ಸುಳ್ಳು ಬಾಕಿಯಿತ್ತು. ಅದನ್ನೂ ಹೇಳಿದೆ.

"ನಂದು ತಪ್ಪಾತ್ರಿ ಅಣ್ಣಾರ. ಆವತ್ತು ಆಸ್ಪತ್ರಿಯಾಗ ವ್ಯಾಳೆ ಮುಗದದ ಅಂದೆ. ಮುಗದಿದ್ದಿಲ್ಲ. ಇನ್ನೂ ಅರ್ಧ ತಾಸಿತ್ತು."

ಅಂಬಾರಾಯರು ಹಾಲಿನ ಪಾತ್ರೆ ಬದಿಗಿಟ್ಟು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಅದೇ ಹಣ್ಣು ತೆಗೆದರು.

"ಗೊತ್ತಿತ್ರಿ ಸಿಸ್ಟರ್ ಬಾಯಿ" ಎಂದರು. "ಗಡಿಯಾರ ನಿಮ್ಮ ತಲೀ ಮ್ಯಾಗೇ ಇತ್ತು."