ಗೋಡೆಗೊರಗಿ ಕೂತ ಗೊಂಬೆ

ಬನಹಟ್ಟಿಯಲ್ಲಿ ಮಕ್ಕಳಿಗೆಂದು ಆಟದ ಕೋಣೆ ತೆರೆಯುತ್ತಾರಂತೆ ಎಂಬ ಸುದ್ದಿ ಕೇಳಿ ಊರು ಮೊದಲು ನಕ್ಕಿತು.

"ಓಣಿ ತುಂಬ ಜಾಗಾ ಬಿದ್ದೈತಿ, ಆಡಾಕ ಮತ್ತೊಂದು ಮನಿ ಬೇಕೇನ್ರಿ ಅಕ್ಕಾರ?" ಎಂದ ನೂಲಿನ ವ್ಯಾಪಾರಿ ಸಿದರಾಯ. ಹಾಗೆನ್ನುತ್ತಲೇ ತನ್ನ ಹಳೆಯ ಗೋದಾಮಿನ ಬೀಗದ ಕೈಯನ್ನು ವತ್ಸಲಾಬಾಯಿಯ ಮುಂದಿಟ್ಟ. "ಇಲಿ ಅದಾವು. ಅವೂ ಆಡ್ತಾವು, ಒಂದಿಷ್ಟು ನೋಡಿಕೊಳ್ರಿ."

ವತ್ಸಲಾಬಾಯಿ ಜಮಖಂಡಿಯ ಪುರೋಹಿತರ ಮನೆಯವಳು. ಬೀದಿಯಲ್ಲಿ ಹೆಣದ ಮುಂದಿನ ಹಲಗೆಯ ಬಡಿತ ಕೇಳಿಸಿದರೆ ಮಕ್ಕಳನ್ನು ಒಳಗೆಳೆದು ಕದ ಹಾಕುವ ಮನೆ ಅದು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಪ್ರಹ್ಲಾದ ಮುಧೋಳದಲ್ಲಿ ವಿಷಮಜ್ವರದಿಂದ ತೀರಿಕೊಂಡಾಗಲೂ ಅವಳ ಪಾಲಿಗೆ ಬಂದದ್ದು ಮುಚ್ಚಿದ ಕದವೇ. "ನೋಡಿದರ ತಡಕೊಳ್ಳೂದಿಲ್ಲ ಹುಡುಗಿ" ಎಂದು ಅತ್ತೆ ಹೊರಗಿನಿಂದ ಚಿಲಕ ಹಾಕಿದ್ದರು. ಕದ ತೆರೆದಾಗ ಅಂಗಳ ಸಾರಿಸಿಯಾಗಿತ್ತು. ಸೆಗಣಿ ಇನ್ನೂ ಹಸಿಯಾಗಿತ್ತು. ಗಂಡನ ಮುಖವನ್ನು ಕೊನೆಗೆ ಯಾರು ತೊಳೆದರೋ, ಹೇಗೆ ಮಲಗಿಸಿದರೋ ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಅಣ್ಣ ಪಾಂಡುರಂಗ ಅವಳನ್ನು ಪುಣೆಗೆ ಕಳಿಸಿದ. ಅಲ್ಲಿನ ಶಿಶುವಿಹಾರದ ಶಿಕ್ಷಕಿಯೊಬ್ಬರು, ಮನಸ್ಸಿಗೆ ಪೆಟ್ಟುಬಿದ್ದ ಮಕ್ಕಳನ್ನು ಮರಳು, ಮಣ್ಣು, ಗೊಂಬೆಗಳ ನಡುವೆ ಬಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನು ಮಗು ಆಡಿ ತೋರಿಸುತ್ತದೆ ಎನ್ನುತ್ತಿದ್ದರು. ಅವರು ಕಲಿಸಿದ್ದೆಲ್ಲ ಒಂದೇ ಮಾತಿನಲ್ಲಿತ್ತು: ಮಗುವಿನ ಆಟಕ್ಕೆ ನೀನು ಹೆಸರಿಡಬೇಡ.

ಸಂಸ್ಥಾನಗಳು ಹೋಗಿ ಮುಂಬಯಿ ಪ್ರಾಂತವಾದ ಮೇಲೆ ಆ ಒಂದು ಮಾತನ್ನು ಕಟ್ಟಿಕೊಂಡು ಅವಳು ನೇಕಾರರ ಈ ಊರಿಗೆ ಬಂದಳು. ಗೋದಾಮಿಗೆ ತಾನೇ ಸುಣ್ಣ ಬಳಿದಳು. ಎಷ್ಟು ಬಳಿದರೂ ನೂಲಿನ ಗಂಜಿಯ ಹುಳಿ ವಾಸನೆ ಗೋಡೆ ಬಿಡಲಿಲ್ಲ. ಒಂದು ಮೂಲೆಯಲ್ಲಿ ಹೊಳೆಯ ಮರಳು, ಇನ್ನೊಂದರಲ್ಲಿ ಹದ ಮಾಡಿದ ಮಣ್ಣು. ಮಗ್ಗದ ಮನೆಗಳಿಂದ ಸೀರೆಯ ಚಿಂದಿ ಬೇಡಿ ತಂದು ಗೊಂಬೆ ಹೊಲಿದಳು. ನಕ್ಕ ಊರೇ ನಿಧಾನವಾಗಿ ಮಕ್ಕಳನ್ನು ಕಳಿಸತೊಡಗಿತು. ಬೆಂಕಿ ಕಂಡು ಕಿರುಚುವವನೊಬ್ಬ, ಯಾರನ್ನು ಕಂಡರೂ ಕಚ್ಚುವವಳೊಬ್ಬಳು.

ಬನಶಂಕರಿಯನ್ನು ಅವಳ ಅಪ್ಪ ಗೂಳಪ್ಪನೇ ಕರೆತಂದ. ನೇಯುವವನು, ಕಡಿಮೆ ಮಾತಿನವನು. "ಇದರವ್ವ ಸಾವಕ್ಕ ಹಡಿಯೂ ಮುಂದ ಹೋದಳ್ರಿ. ಕೂಸೂ ಉಳೀಲಿಲ್ಲ. ಅವತ್ತಿಂದ ಇದು ಬಾಯೇ ತಗದಿಲ್ಲ. ಕಂಡಿಕಿ ಸುತ್ತತೈತಿ, ಉಣ್ಣತೈತಿ, ಮಾತಿಲ್ಲ." ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಮೊದಲು ಸಾವಕ್ಕನದಾಗಿತ್ತು. ಈಗ ಆ ರಾಟಿಯ ಮುಂದೆ ಏಳು ವರ್ಷದ ಮಗಳು ಕೂರುತ್ತಿದ್ದಳು. "ಮಧ್ಯಾಹ್ನ ಒಂದೀಟು ಹೊತ್ತು ಬಿಡತೀನ್ರಿ. ಹೆಚ್ಚು ಬಿಡಾಕ ಆಗೂದಿಲ್ಲ, ಮಗ್ಗ ನಿಲ್ತೈತಿ."

ಬಹಳ ದಿನ ಹುಡುಗಿ ಬಾಗಿಲ ಬಳಿಯೇ ಕೂತಳು. ವತ್ಸಲಾಬಾಯಿ ಕಾದಳು. ಕಾಯುವುದು ಅವಳಿಗೆ ಹೊಸದಲ್ಲ. ಒಂದು ಮಧ್ಯಾಹ್ನ ಬನಶಂಕರಿ ಎದ್ದುಹೋಗಿ ಹಸಿರು ಚಿಂದಿಯ ಗೊಂಬೆಯನ್ನೆತ್ತಿಕೊಂಡಳು. ಒದ್ದೆ ಬಟ್ಟೆಯಿಂದ ಅದರ ಮುಖ ಒರೆಸಿದಳು. ಗೋಡೆಗೆ ಒರಗಿಸಿ ಕೂರಿಸಿದಳು. ತಲೆ ವಾಲಿತು. ಉಡಿಯಿಂದ ನೂಲು ತೆಗೆದು ಗೊಂಬೆಯ ಎದೆಗೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಿದಳು. ಹಣೆಗೆ ಗೋಡೆಯ ಸುಣ್ಣ ಹಚ್ಚಿದಳು. ಆಮೇಲೆ ಅದರೆದುರು ಮೊಣಕಾಲು ಕಟ್ಟಿಕೊಂಡು ಕೂತಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಹುಡುಗಿಯ ತುಟಿ ಅಲುಗುತ್ತಿದ್ದುದನ್ನು ವತ್ಸಲಾಬಾಯಿ ಕಂಡಳು. ಏನೋ ಒಂದು ಮಾತು ಬಾಯ ತನಕ ಬಂದು ನಿಂತಂತಿತ್ತು. ಅವಳ ಎದೆ ಹಿಗ್ಗಿತು. ಆ ಹಿಗ್ಗಿನಲ್ಲೇ ತಪ್ಪಿದಳು.

"ಅಯ್ಯ, ಎಷ್ಟ ಛಂದ ಸಿಂಗಾರ ಮಾಡೀಯವಾ! ಮದಲಗಿತ್ತಿ ಹೌದಲ್ಲೋ?" ಎಂದು ಅಂಗಳದ ಕಣಗಿಲೆ ಹೂ ತಂದು ಗೊಂಬೆಗೆ ಮುಡಿಸಿದಳು. ತನ್ನ ಹಣೆಗಿಲ್ಲದ ಕುಂಕುಮವನ್ನು ಪಕ್ಕದ ಮನೆಯಿಂದ ಬೇಡಿ ತಂದು ಗೊಂಬೆಗಿಟ್ಟಳು. "ಬರ್ರಿ, ನಮ್ಮ ಬನಶಂಕರಿ ಮನ್ಯಾಗ ಲಗ್ನ ಅದ!" ಎಂದು ಉಳಿದ ಮಕ್ಕಳನ್ನು ಕರೆದಳು. ಮಕ್ಕಳು ತಟ್ಟೆ ಬಡಿಯುತ್ತ ಸೋಬಾನೆ ಹಾಡಿದವು. ಬನಶಂಕರಿ ಅಂಗೈಗಳಿಂದ ಎರಡೂ ಕಿವಿ ಮುಚ್ಚಿಕೊಂಡಳು.

ಮಗಳನ್ನು ಕರೆದೊಯ್ಯಲು ಬಂದ ಗೂಳಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಗೊಂಬೆಯನ್ನು ನೋಡಿದ. ಮಕ್ಕಳ ಹಾಡು ತಾನಾಗಿಯೇ ನಿಂತಿತು.

"ಇದೇನು ನಡಿಸೀರಿ ಅಕ್ಕಾರ?"

"ಲಗ್ನದ ಆಟ, ಗೂಳಪ್ಪ. ಆಕಿನಽ ಮದಲಗಿತ್ತೀನ್ನ ಕೂಡಿಸ್ಯಾಳ."

"ಮದಲಗಿತ್ತಿ ಅಲ್ರೀ ಅದು." ಅವನ ದನಿ ಏರಲಿಲ್ಲ. "ಆಕಿ ಅವ್ವ. ನಾವು ಸತ್ತವರನ್ನ ಮಲಗಿಸೂದಿಲ್ಲ, ಕುಂಡರಸ್ತೀವಿ. ತೇರದಾಳದಿಂದ ಬೀಗರು ಬರೂತನಾ ಸಾವಕ್ಕನ್ನ ಹಿಂಗಽ ವಿಭೂತಿ ಹಚ್ಚಿ, ಗ್ವಾಡಿಗಿ ಕಟ್ಟಿ ಕುಂಡರಿಸಿದ್ವಿ. ಈ ಕೂಸು ಮುಂದಽ ಕುಂತಿತ್ತು." ಮಗಳ ಹತ್ತಿರ ಬಂದು ಅಂದ, "ನೀವು ಹೆಣದ ಮುಂದ ಸೋಬಾನ ಹಾಡಿಸಿದ್ರಿ."

ಮಗಳನ್ನು ಎತ್ತಿಕೊಂಡು ಹೊರಟುಹೋದ.

ಲಿಂಗವಂತರು ಸತ್ತವರನ್ನು ಕೂರಿಸಿ ಒಯ್ಯುತ್ತಾರೆಂಬುದು ವತ್ಸಲಾಬಾಯಿಗೆ ಕೇಳಿ ಗೊತ್ತಿತ್ತು. ಕಂಡು ಗೊತ್ತಿರಲಿಲ್ಲ. ಅವಳು ಯಾವ ಸಾವನ್ನೂ ಕಂಡವಳಲ್ಲ.

ಮರುದಿನ ಗೂಳಪ್ಪನ ಮನೆಗೆ ಹೋದಳು. ಪಡಸಾಲೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ಬನಶಂಕರಿ ರಾಟಿ ತಿರುವುತ್ತಿದ್ದಳು, ತಲೆ ಎತ್ತಲಿಲ್ಲ. "ನನ್ನ ತಪ್ಪಾತು ಗೂಳಪ್ಪ, ಮತ್ತೊಮ್ಮೆ ಕಳಸು" ಎಂದಳು ವತ್ಸಲಾಬಾಯಿ.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ," ಎಂದ ಅವನು, ಲಾಳಿ ಎಸೆಯುವುದನ್ನು ನಿಲ್ಲಿಸದೆ. "ಆದರ ಸುಮ್ಮನಿದ್ದ ಕೂಸು ನಿನ್ನೆ ರಾತ್ರಿ ಎಲ್ಲಾ ನಡುಗೈತಿ. ಸಾಕು ಬಿಡ್ರಿ."

ಕೋಣೆಗೆ ಮರಳಿ ಅವಳು ಗೊಂಬೆಯ ಹೂ ತೆಗೆದಳು, ಕುಂಕುಮ ಒರೆಸಲು ಹೋಗಿ ಕೈ ಹಿಂದೆಗೆದಳು. ಮುತ್ತೈದೆಯಾಗಿ ಹೋದವಳು ಸಾವಕ್ಕ, ಅದು ಅವಳದೇ. ನೂಲನ್ನು ಬಿಚ್ಚಲಿಲ್ಲ. ಗೊಂಬೆ ಹಾಗೇ ಕೂತಿತು. ಮಕ್ಕಳಿಗೆ ಆ ಮೂಲೆಗೆ ಹೋಗಬೇಡಿ ಎಂದಳು, ಯಾಕೆಂದು ಹೇಳಲಿಲ್ಲ. ಗೊಂಬೆಯ ಮೇಲೆ ನೂಲಿನ ಧೂಳು ಕೂತಿತು. ದಿನವೂ ಬಾಗಿಲು ತೆರೆದಾಗ ಅವಳು ಮೊದಲು ನೋಡುತ್ತಿದ್ದುದು ಅದನ್ನೇ.

ಮಳೆಗಾಲ ಹತ್ತಿರವಾದಾಗಿನ ಒಂದು ಮಧ್ಯಾಹ್ನ. ಮಕ್ಕಳು ಮನೆಗೆ ಹೋಗಿದ್ದರು. ಕಿಟಕಿಯಲ್ಲಿ ನೆರಳಾಡಿತು. ತಲೆಯ ಮೇಲೆ ಕಂಡಿಕೆ ಬುಟ್ಟಿ ಹೊತ್ತು ಬನಶಂಕರಿ ನಿಂತಿದ್ದಳು. ಯಾರದೋ ಮಗ್ಗಕ್ಕೆ ಒಯ್ಯುತ್ತಿದ್ದಿರಬೇಕು. ಸರಳುಗಳ ನಡುವಿನಿಂದ ಗೊಂಬೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಇನ್ನೂ ಒಯ್ದಿಲ್ಲೇನ್ರಿ?"

ತುಕ್ಕು ಹಿಡಿದ ಕೀಲಿನಂಥ ದನಿ. ವತ್ಸಲಾಬಾಯಿ ಹಿಗ್ಗಲಿಲ್ಲ. ಹಿಗ್ಗಲು ಅವಳಿಗೆ ಹೆದರಿಕೆಯಾಯಿತು.

"ಇಲ್ಲವಾ. ಹೆಂಗ ಒಯ್ಯಬೇಕು, ನನಗ ಗೊತ್ತಿಲ್ಲ."

ಹುಡುಗಿ ಬುಟ್ಟಿಯನ್ನು ಕಟ್ಟೆಯ ಮೇಲಿಳಿಸಿ ಒಳಗೆ ಬಂದಳು. ಗಂಟನ್ನು ತಾನೇ ಬಿಚ್ಚಿದಳು. ಗೊಂಬೆಯನ್ನು ಮಲಗಿಸದೆ, ಕೂತ ಹಾಗೆಯೇ ಎರಡೂ ಕೈಯಲ್ಲಿ ಎತ್ತಿಕೊಂಡಳು. ಹಿತ್ತಲ ಬೇವಿನ ಬುಡದಲ್ಲಿ ಇಬ್ಬರೂ ಕುಣಿ ತೋಡಿದರು. "ಉಪ್ಪು ಬೇಕ್ರಿ," ಎಂದಳು ಹುಡುಗಿ. ವತ್ಸಲಾಬಾಯಿ ಉಪ್ಪು ತಂದಳು. ಗೊಂಬೆಯನ್ನು ಕುಣಿಯಲ್ಲಿ ಕೂರಿಸಿ, ಉಪ್ಪು ಸುರಿದು, ಬನಶಂಕರಿ ಮಣ್ಣು ಹಾಕಿದಳು. "ನೀವೂ ಹಾಕ್ರಿ." ವತ್ಸಲಾಬಾಯಿ ಹಾಕಿದಳು. ಮಣ್ಣು ಬಿಸಿಯಾಗಿತ್ತು.

ಹುಡುಗಿ ಅಳಲಿಲ್ಲ. ಕೈ ಕೊಡವಿ ಬುಟ್ಟಿ ತಲೆಗೇರಿಸಿದಳು.

"ನಾಳೆ ಬರ್ತೀಯೇನವಾ?"

"ಮಗ್ಗ ನಿಲ್ತೈತ್ರಿ."

ಎರಡು ಹೆಜ್ಜೆ ಹೋಗಿ ತಿರುಗಿದಳು. ವತ್ಸಲಾಬಾಯಿ ಹೊಸ್ತಿಲಲ್ಲಿ ಕಾಲಿಟ್ಟಿದ್ದಳು.

"ಮಣ್ಣು ಮಾಡಿ ಹಂಗಽ ಒಳಗ ಹೋಗಬಾರದ್ರಿ, ಅಕ್ಕಾರ. ಕಾಲು ತೊಳಕೋರಿ."

ಹುಡುಗಿ ಓಣಿಯ ತಿರುವಿನಲ್ಲಿ ಮರೆಯಾದಳು. ಮತ್ತೆ ಅವಳು ಆ ಕೋಣೆಗೆ ಬರಲಿಲ್ಲ. ವತ್ಸಲಾಬಾಯಿ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿ, ಅಂಗಳದಲ್ಲಿ ನಿಂತು, ಪ್ರಹ್ಲಾದ ಹೋದ ಇಷ್ಟು ವರ್ಷಗಳ ಮೇಲೆ, ಕಾಲಿಗೆ ಸುರಿದುಕೊಂಡಳು.