ಮುಕ್ಕಾಲು ಸೊಸೆ

ಮದುವೆಯಾಗಿ ಕರಜಗಿಗೆ ಬಂದ ವರ್ಷವೇ ನನಗೆ ಕ್ಷಯ ಅಂಟಿತು. ಎಂಬತ್ತರ ದಶಕದ ಆರಂಭ. ಗುಳಿಗೆಗಳ ಜೊತೆ ದಿನಕ್ಕೊಂದು ಸೂಜಿ ಆಗಬೇಕಿತ್ತು. ಅಫಜಲಪುರದ ದವಾಖಾನೆಗೆ ದಿನಾ ಹೋಗಿಬರುವುದು ಆಗದ ಮಾತು. ಗಂಡನಿಗೋ ಸೂಜಿ ಕಂಡರೇ ತಲೆ ತಿರುಗುತ್ತಿತ್ತು. ಕೊನೆಗೆ ಅದನ್ನು ಕೈಗೆ ತೆಗೆದುಕೊಂಡವರು ನನ್ನ ಅತ್ತೆ. ನಾಲಿಗೆಯಲ್ಲಿ ಇದ್ದದ್ದು ಸಾಲದೆಂದು ಕೈಗೂ ಒಂದು ಬಂತಲ್ಲ ಎಂದು ಮನಸ್ಸಲ್ಲೇ ಬೈದುಕೊಂಡೆ.

ದವಾಖಾನೆಯ ನರ್ಸಬಾಯಿ ಅವರಿಗೆ ಲೆಕ್ಕ ಕಲಿಸಿದರು. ಬಾಟಲಿಯಲ್ಲಿ ಒಂದು ಗ್ರಾಂ ಪುಡಿ. ಅದಕ್ಕೆ ಮೂರು ಸಿಸಿ, ಅದರ ಮೇಲೆ ಒಂದು ಸಣ್ಣ ಗೆರೆಯಷ್ಟು ನೀರು ಹಾಕಬೇಕು. ಕರಗಿದ ಪುಡಿಯೂ ಜಾಗ ಹಿಡಿಯುವುದರಿಂದ ಒಟ್ಟು ನಾಲ್ಕಾಗುತ್ತದೆ. ಬೆಲ್ಲ ಹಾಕಿದರೆ ಪಾನಕ ಏರುವುದಿಲ್ಲವೇ, ಹಾಗೆ ಎಂದು ಅತ್ತೆ ತಲೆಯಾಡಿಸಿದರು. ಕಡ್ಡಿಯಂತಿದ್ದ ನನ್ನ ತೂಕಕ್ಕೆ ಮುಕ್ಕಾಲು ಗ್ರಾಂ ಮಾತ್ರ. ಅಂದರೆ ನಾಲ್ಕರಲ್ಲಿ ಮೂರು ಸಿಸಿ ಚುಚ್ಚಿ, ಉಳಿದದ್ದನ್ನು ಚೆಲ್ಲಬೇಕು. ಆ ಚೆಲ್ಲುವುದೇ ಅತ್ತೆಗೆ ಸಂಕಟ. ಮಜ್ಜಿಗೆ ಗಡಿಗೆ ತೊಳೆದ ನೀರನ್ನೂ ಎಮ್ಮೆಗೆ ಕುಡಿಸುವ ಹೆಂಗಸು. ನಾಳೆಗೆ ಇಟ್ಟುಕೊಳ್ಳಬಾರದೇ ಎಂದು ಕೇಳಿ ನರ್ಸಬಾಯಿಯಿಂದ ಬೈಸಿಕೊಂಡಿದ್ದರು.

ಈಗಲೂ ಕುದಿಯುವ ನೀರಲ್ಲಿ ಗಾಜು ಟಣಗುಟ್ಟಿದರೆ ಆ ಅಡುಗೆಮನೆ ಕಣ್ಣಿಗೆ ಬರುತ್ತದೆ. ಕುದಿಸಿದ ಗಾಜಿನ ಸಿರಿಂಜಿಗೆ ಔಷಧ ಎಳೆದು, ಬೆಳಕಿಗೆ ಹಿಡಿದು, ಗುಳ್ಳೆ ಹೋಗುವ ತನಕ ಬೆರಳಿಂದ ತಟ್ಟಿ, "ಬಾ ಮುಕ್ಕಾಲು" ಎಂದು ಕರೆಯುತ್ತಿದ್ದರು. ಅದೇ ನನ್ನ ಹೆಸರಾಯಿತು. ರೊಟ್ಟಿ ತಟ್ಟೆಯಲ್ಲಿ ಬಿಟ್ಟರೂ ಮುಕ್ಕಾಲು, ಕೊಡ ತುಂಬ ನೀರು ಎತ್ತಲಾಗದಿದ್ದರೂ ಮುಕ್ಕಾಲು. ನನಗೆ ಮೈಯೆಲ್ಲ ಉರಿಯುತ್ತಿತ್ತು. ರೋಗಿಷ್ಠ ಸೊಸೆ ಯಾರಿಗೆ ಬೇಕು? ಇಂದಲ್ಲ ನಾಳೆ ಆಳಂದದ ತವರಿಗೆ ಅಟ್ಟುತ್ತಾರೆ, ಮತ್ತೆ ಕರೆಯುವುದಿಲ್ಲ ಎಂಬ ಹೆದರಿಕೆ ಒಳಗೊಳಗೇ ತಿನ್ನುತ್ತಿತ್ತು.

ಒಂದು ದಿನ ಅಪ್ಪ ಬಂದೇಬಿಟ್ಟರು. ನಿಮಗೆ ಭಾರ ಆಗುವುದು ಬೇಡ, ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ತಲೆ ತಗ್ಗಿಸಿ ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಅತ್ತೆ ಚಹಾದ ಕಪ್ಪು-ಬಸಿ ಮುಂದಿಟ್ಟರು. "ಬೀಗ್ರ, ಇಕಿ ಇನ್ನಾ ಮುಕ್ಕಾಲೇ ಅದಾಳ್ರಿ. ಪೂರಾ ಆಗ್ಲಿ, ಪಂಚಮಿಗಿ ನಾನೇ ಕಳಸ್ತೇನಿ. ಹಬ್ಬ ಮುಗಿಸಿ ತಿರುಗಿ ಕಳಸ್ರಿ" ಎಂದರು.

ಅಪ್ಪ ಚಹಾ ಕುಡಿದು ಒಬ್ಬರೇ ಹೋದರು. ಅವತ್ತಿನಿಂದ ನಾನು ರೊಟ್ಟಿ ಬಿಡಲಿಲ್ಲ.

ಮೈ ತುಂಬಿಕೊಂಡಿತು. ತೂಕ ನೋಡಿದ ಡಾಕ್ಟರು ಪೂರ್ತಿ ಒಂದು ಗ್ರಾಂ ಬರೆದರು. ಮರುದಿನ ಅತ್ತೆ ಬಾಟಲಿ ತಲೆಕೆಳಗೆ ಹಿಡಿದು ಕೊನೆಯ ಹನಿಯ ತನಕ ಎಳೆದು, ನನಗೆ ಚುಚ್ಚಿ, ಖಾಲಿ ಬಾಟಲಿಯನ್ನೇ ನೋಡುತ್ತ ಕೂತರು. ಅವರ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ಕಂಡೆ.

"ಇವತ್ತ ಚೆಲ್ಲೂದು ಏನೂ ಇಲ್ಲವ್ವ" ಎಂದರು.